ಬೇಕಾದಾಗ ಬರಿದಾದ ಖಜಾನೆ

2024ರ ಸೆಪ್ಟೆಂಬರ್ 26ರಂದು ಅಮೆರಿಕದ ಅಧ್ಯಕ್ಷ ಬೈಡನ್, ಸರ್ಕಾರದ ಖರ್ಚನ್ನು ಡಿಸೆಂಬರ್‌ವರೆಗೆ ಸಾಗಿಸುವ ತಾತ್ಕಾಲಿಕ ಮಸೂದೆಗೆ ಸಹಿ ಹಾಕಿದರು. ಹಿಂದಿನ ದಿನ ಅದನ್ನು ಅಂಗೀಕರಿಸಿದ ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್‌ನ ಸದಸ್ಯರು ಆಗಲೇ ಚುನಾವಣಾ ಪ್ರಚಾರಕ್ಕೆ ಊರಿನ ದಾರಿ ಹಿಡಿದಿದ್ದರು. ಅದೇ ರಾತ್ರಿ ಹೆಲೀನ್ ಚಂಡಮಾರುತ ಫ್ಲಾರಿಡಾ ತೀರಕ್ಕೆ ಅಪ್ಪಳಿಸಿತು. ವಿಪತ್ತಿಗೆ ಸಿಕ್ಕ ವ್ಯಾಪಾರಿಗಳಿಗೆ ಸಾಲ ಕೊಡುವ ಸರ್ಕಾರಿ ಸಂಸ್ಥೆ ಎಸ್‌ಬಿಎ. ಅದರ ನಿಧಿಗೆ ಹೆಚ್ಚುವರಿ ಹಣ ಬೇಕೆಂದು ಶ್ವೇತಭವನ ಮೊದಲೇ ಕೇಳಿತ್ತು. ಮಸೂದೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಚಂಡಮಾರುತವೆಂದರೆ ಕಡಲ ತೀರದವರ ಪಾಡು ಎಂದು ನಂಬಿದ್ದವರ ಮೇಲೆಯೇ ಹೆಲೀನ್ ಹೆಚ್ಚು ಕ್ರೂರವಾಗಿ ಎರಗಿತು. ಉತ್ತರ ಕೆರೊಲಿನಾದ ಆಶ್‌ವಿಲ್ ಸಮುದ್ರದಿಂದ ನೂರಾರು ಮೈಲಿ ದೂರದ ಬೆಟ್ಟದ ಊರು. ಅಲ್ಲಿ ಫ್ರೆಂಚ್ ಬ್ರಾಡ್ ನದಿ 1916ರ ಮಹಾಪೂರದ ದಾಖಲೆಯನ್ನೂ ಮುರಿದು 24 ಅಡಿಗೂ ಮೇಲೆ ಏರಿತು. ನದಿಯಂಚಿನ ಹಳೆಯ ಗಿರಣಿ, ಗೋದಾಮುಗಳಲ್ಲಿ ಕುಂಬಾರರು, ಗಾಜು ಊದುವವರು, ಚಿತ್ರಕಾರರು ವರ್ಷಗಟ್ಟಲೆ ದುಡಿದು ಕಟ್ಟಿದ ರಿವರ್ ಆರ್ಟ್ಸ್ ಡಿಸ್ಟ್ರಿಕ್ಟ್ ಬಹುಪಾಲು ಕೆಸರಿನಡಿ ಹೋಯಿತು. ನೆರೆ ಮುಟ್ಟದ ಅಂಗಡಿಗಳಿಗೂ ಉಳಿಗಾಲವಿರಲಿಲ್ಲ. ನಗರದ ನಲ್ಲಿಗಳಲ್ಲಿ ಕುಡಿಯುವ ನೀರು ಮತ್ತೆ ಬಂದದ್ದು ನವೆಂಬರ್ 18ಕ್ಕೆ. ಎಲೆಗಳು ಬಣ್ಣ ತಿರುಗುವ ಅಕ್ಟೋಬರ್ ಆ ಊರಿನ ಸುಗ್ಗಿಯ ತಿಂಗಳು. ಹೋಟೆಲು, ವಸತಿಗೃಹ, ಕರಕುಶಲ ಅಂಗಡಿಗಳ ವರ್ಷದ ಗಳಿಕೆಯ ದೊಡ್ಡ ಪಾಲು ಬರುವುದು ಆಗಲೇ. ಆ ವರ್ಷ ಹೆದ್ದಾರಿ ಕೊಚ್ಚಿಹೋಗಿತ್ತು, ಪ್ರವಾಸಿಗರು ಬರಲಿಲ್ಲ. ವ್ಯಾಪಾರಕ್ಕೆ ಮಾಡಿಸುವ ಸಾಮಾನ್ಯ ವಿಮೆಯಲ್ಲಿ ನೆರೆಹಾನಿ ಸೇರುವುದಿಲ್ಲ. ಅದಕ್ಕೆ ಬೇರೆಯೇ ಪಾಲಿಸಿ ಬೇಕು. ಬೆಟ್ಟದ ಮೇಲಿರುವವರಲ್ಲಿ ಅದನ್ನು ಮಾಡಿಸಿದ್ದವರು ತೀರ ವಿರಳ.

ಇಂಥ ಹೊತ್ತಿಗಾಗಿಯೇ ಎಸ್‌ಬಿಎ ಇರುವುದು. ಆದರೆ ಅಕ್ಟೋಬರ್ 9ರಂದು ಮಿಲ್ಟನ್ ಎಂಬ ಇನ್ನೊಂದು ಚಂಡಮಾರುತ ಫ್ಲಾರಿಡಾಕ್ಕೆ ಬಂದು ಬಡಿಯಿತು. ವಾರ ತುಂಬುವುದರೊಳಗೆ, ಅಕ್ಟೋಬರ್ 15ಕ್ಕೆ, ವಿಪತ್ತು ಸಾಲದ ನಿಧಿ ಬರಿದಾಯಿತೆಂದು ಸಂಸ್ಥೆ ಪ್ರಕಟಿಸಿತು. ಅರ್ಜಿ ಹಾಕಬಹುದು, ಹೊಸ ಸಾಲ ಮಂಜೂರಾಗುವುದಿಲ್ಲ. ಕಾಂಗ್ರೆಸ್ಸನ್ನು ತುರ್ತಾಗಿ ಕರೆಯಿರಿ ಎಂಬ ಒತ್ತಾಯ ಎದ್ದಿತು. ಚುನಾವಣೆ ಮುಗಿಯಲಿ ಎಂದರು ಸ್ಪೀಕರ್ ಮೈಕ್ ಜಾನ್ಸನ್. ಚುನಾವಣೆ ಮುಗಿದು, ಸದನ ಸೇರಿ, ಜಗಳವಾಡಿ, ಕೊನೆಗೆ ಪರಿಹಾರದ ಕಾಯ್ದೆಗೆ ಸಹಿ ಬಿದ್ದದ್ದು ಡಿಸೆಂಬರ್ 21ರಂದು. ಒಟ್ಟು ಸುಮಾರು 10,000 ಕೋಟಿ ಡಾಲರ್‌ಗಳ ವಿಪತ್ತು ನೆರವು ಆ ಕಾಯ್ದೆಯಲ್ಲಿತ್ತು. ಅದರಲ್ಲಿ ಈ ಸಾಲನಿಧಿಗೆ ಬೇಕಾಗಿದ್ದದ್ದು ಸುಮಾರು 220 ಕೋಟಿ. ಹಣವಿಲ್ಲದ ದೇಶದ ಕಥೆಯಲ್ಲ ಇದು. ಸದಸ್ಯರು ಒಂದು ದಿನ ರಾಜಧಾನಿಗೆ ಮರಳಿ ಕೈ ಎತ್ತಿದ್ದರೆ ಸಾಕಿತ್ತು. ಆ ಎರಡು ತಿಂಗಳಿಗೂ ಮಿಕ್ಕಿದ ಅವಧಿಯಲ್ಲಿ ಮಳಿಗೆಯ ಬಾಡಿಗೆ ನಿಲ್ಲಲಿಲ್ಲ, ಬ್ಯಾಂಕಿನ ಕಂತು ನಿಲ್ಲಲಿಲ್ಲ. ಸಂಬಳವಿಲ್ಲದೆ ಕೆಲಸಗಾರರು ಬೇರೆ ಊರು ನೋಡಿಕೊಂಡರು. ನುರಿತ ಅಡುಗೆಯವರನ್ನು ಕಳೆದುಕೊಂಡ ಹೋಟೆಲಿಗೆ ತಡವಾಗಿ ಬಂದ ಹಣ ಅವರನ್ನು ಮರಳಿ ತಂದುಕೊಡುವುದಿಲ್ಲ.

ಬಂದ ನೆರವಾದರೂ ಏನು? ಸಾಲ. ವಿಪತ್ತು ನಿರ್ವಹಣೆಯ ಸಂಸ್ಥೆ ಫೀಮಾ ಮನೆ ಕಳೆದುಕೊಂಡವರಿಗೆ ಅನುದಾನ ಕೊಡುತ್ತದೆ, ಅಂಗಡಿ ಕಳೆದುಕೊಂಡವರನ್ನು ಎಸ್‌ಬಿಎ ಕಡೆಗೆ ಕಳಿಸುತ್ತದೆ. ಎಸ್‌ಬಿಎ 20 ಲಕ್ಷ ಡಾಲರ್‌ವರೆಗೆ ಸಾಲ ಕೊಡಬಲ್ಲದು. ಬಡ್ಡಿ ಶೇ 4ರ ಆಸುಪಾಸು, ತೀರಿಸಲು 30 ವರ್ಷದವರೆಗೆ ಅವಧಿ, ಮೊದಲ ವರ್ಷ ಕಂತಿಲ್ಲ. ಕಾಗದದ ಮೇಲೆ ಉದಾರವಾಗಿಯೇ ಕಾಣುತ್ತದೆ. ಆದರೆ 50 ಸಾವಿರ ಡಾಲರ್ ದಾಟಿದ ಸಾಲಕ್ಕೆ ಅಡಮಾನ ಬೇಕು. ಮಳಿಗೆ ನೀರುಪಾಲಾದವರ ಬಳಿ ಅಡವಿಡಲು ಉಳಿದಿರುವುದು ಎಷ್ಟೋ ಬಾರಿ ವಾಸದ ಮನೆಯೊಂದೇ. ಇವರಲ್ಲಿ ಅನೇಕರು ಕೋವಿಡ್ ಕಾಲದಲ್ಲಿ ಇದೇ ಸಂಸ್ಥೆಯಿಂದ ಪಡೆದ 30 ವರ್ಷದ ಸಾಲವನ್ನು ಇನ್ನೂ ತೀರಿಸುತ್ತಿದ್ದಾರೆ. ಅರವತ್ತು ವರ್ಷದ ಕುಂಬಾರನೊಬ್ಬ ಹೊಸ ಆವಿಗೆಗಾಗಿ ತೊಂಬತ್ತನೆಯ ವಯಸ್ಸಿನವರೆಗೆ ಕಂತು ಕಟ್ಟಬೇಕೆನ್ನುವುದನ್ನು ನೆರವು ಎಂದು ಕರೆಯಲು ನಮಗೆ ಮನಸ್ಸಾಗುವುದಿಲ್ಲ.

ನಮ್ಮನ್ನು ಹೆಚ್ಚು ಕಂಗೆಡಿಸುವುದು ಪಾಠ ಮರೆತ ಪರಿ. 2005ರ ಕತ್ರಿನಾ ಚಂಡಮಾರುತದ ನಂತರ ಇದೇ ಸಂಸ್ಥೆಯ ವಿಳಂಬ ದೇಶದ ಕಣ್ಣಿಗೆ ಬಿದ್ದಿತ್ತು. ಅದನ್ನು ಸರಿಪಡಿಸಲೆಂದೇ 2008ರಲ್ಲಿ ಕಾಯ್ದೆ ಬಂತು. ಹದಿನಾರು ವರ್ಷಗಳ ಮೇಲೆ, ಅರ್ಜಿ ಪರಿಶೀಲಿಸುವ ಸಿಬ್ಬಂದಿ ಇದ್ದೂ ಕೊಡಲು ಹಣವಿಲ್ಲದ ಸ್ಥಿತಿ. 2025ರ ಜನವರಿಯಲ್ಲಿ ಹೊಸ ಅಧ್ಯಕ್ಷ ಟ್ರಂಪ್ ಉತ್ತರ ಕೆರೊಲಿನಾಕ್ಕೆ ಬಂದು ಫೀಮಾವನ್ನೇ ತೆಗೆದುಹಾಕುವ ಮಾತಾಡಿದರು. ಮಾರ್ಚ್‌ನಲ್ಲಿ ಎಸ್‌ಬಿಎ ತನ್ನ ಸಿಬ್ಬಂದಿಯಲ್ಲಿ ಶೇ 43ರಷ್ಟು ಕಡಿತ ಪ್ರಕಟಿಸಿತು. ವಿಪತ್ತು ನೆರವಿಗೆ ಇದರಿಂದ ತೊಂದರೆಯಿಲ್ಲ ಎಂಬುದು ಅದರ ಭರವಸೆ. ಸಿಬ್ಬಂದಿ ಇದ್ದಾಗಲೇ ಎಡವಿದ ವ್ಯವಸ್ಥೆ ನೀಡುವ ಈ ಭರವಸೆಯನ್ನು ನಂಬಲು ಆಧಾರವಿಲ್ಲ.

ಬೇರೆ ದಾರಿಯೇ ಇರಲಿಲ್ಲವೆಂದು ಯಾರೂ ಹೇಳಬಾರದು. ಆಶ್‌ವಿಲ್‌ನದೇ ಲಾಭರಹಿತ ಸಾಲಸಂಸ್ಥೆ ಮೌಂಟನ್ ಬಿಜ್‌ವರ್ಕ್ಸ್, ತಂಬಾಕು ಕಂಪನಿಗಳ ಪರಿಹಾರದ ಹಣದಿಂದ ಹುಟ್ಟಿದ ಗೋಲ್ಡನ್ ಲೀಫ್ ಪ್ರತಿಷ್ಠಾನದ ಬೆಂಬಲದೊಂದಿಗೆ, ಅಕ್ಟೋಬರ್‌ನಲ್ಲೇ ತುರ್ತು ಸಾಲ ನೀಡಲು ಮುಂದಾಯಿತು. ಊರಿನ ವ್ಯಾಪಾರಿಗಳನ್ನು ಬಲ್ಲವರ ಕೈಯಲ್ಲಿ ಮೊದಲೇ ಹಣವಿದ್ದರೆ ಎಷ್ಟು ಬೇಗ ಕೆಲಸವಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಅಟ್ಲಾಂಟಿಕ್ ಚಂಡಮಾರುತಗಳ ಋತು ಪ್ರತಿವರ್ಷ ಜೂನ್ 1ಕ್ಕೆ ಶುರುವಾಗುತ್ತದೆ. ಸಾಲನಿಧಿ ಒಂದು ಮಟ್ಟಕ್ಕಿಂತ ಕೆಳಗಿಳಿದ ಕೂಡಲೇ, ಸದನ ಸೇರಲಿ ಬಿಡಲಿ, ಅದು ತಾನಾಗಿ ಭರ್ತಿಯಾಗುವಂತೆ ಕಾಯ್ದೆ ಬದಲಾಗಬೇಕು. ತೀರ ಸಣ್ಣ ವ್ಯಾಪಾರಿಗಳಿಗೆ ಮೊದಲ ಕಂತು ಅನುದಾನವಾಗಿಯೇ ಸಿಗಬೇಕು, ವಾಸದ ಮನೆಯನ್ನು ಅಡಮಾನದಿಂದ ಹೊರಗಿಡಬೇಕು. ಇಷ್ಟನ್ನೂ ಕಾಂಗ್ರೆಸ್ ಮುಂದಿನ ಜೂನ್‌ಗೆ ಮುನ್ನ ಮಾಡಿ ಮುಗಿಸಬೇಕು.