ಕೆಂಪು ಕ್ಯಾಪ್ಸೂಲ್ ಮತ್ತು ಕನ್ನಡದ ಚೀಟಿ

ಮೊಣಗಂಟು ಬದಲಿಸಿಕೊಂಡವರು ನಮ್ಮ ಶಿರಿಯದಲ್ಲಿ ಈಗ ಅಪರೂಪವಲ್ಲ. ಹಿಂದೆ ಅದು ದುಡ್ಡಿದ್ದವರ ಆಪರೇಶನ್ ಆಗಿತ್ತು. 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಕೃತಕ ಗಂಟಿನ ಬೆಲೆಗೆ ಮಿತಿ ಹಾಕಿ, ಸಾಮಾನ್ಯ ಲೋಹದ ಗಂಟಿಗೆ ತೆರಿಗೆ ಬಿಟ್ಟು 54,720 ರೂಪಾಯಿ ಎಂದು ಗೊತ್ತುಮಾಡಿದ ಮೇಲೆ ಉಳಿದವರೂ ಧೈರ್ಯ ಮಾಡಿದರು. ಒಳ್ಳೆಯದೇ ಆಯಿತು. ಆದರೆ ನೂರರಲ್ಲಿ ಒಬ್ಬರಿಬ್ಬರಿಗೆ ಆ ಹೊಸ ಗಂಟಿನೊಳಗೆ ರೋಗಾಣು ಸೇರಿಕೊಳ್ಳುತ್ತದೆ. ಆ ಒಬ್ಬರಿಬ್ಬರಲ್ಲಿ ನಮ್ಮ ದೊಡ್ಡಮ್ಮನೂ ಒಬ್ಬರಾದರು.

ಆಪರೇಶನ್ ಆಗಿ ಮೂರು ವಾರಕ್ಕೆ ಗಂಟು ಬಾತು ಬಿಸಿಯಾಯಿತು. ಮತ್ತೆ ತೆರೆದು ತೊಳೆದರು. ಒಳಗಿನ ಪ್ಲಾಸ್ಟಿಕ್ ತುಂಡನ್ನು ಮಾತ್ರ ಬದಲಿಸಿ ಲೋಹವನ್ನು ಹಾಗೆಯೇ ಉಳಿಸಿದರು. ಮೂರು ತಿಂಗಳಿಗೆ ಎರಡು ಬಗೆಯ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಮುಂದೊಂದು ಆದಿತ್ಯವಾರ ನಾವು ನೋಡಲು ಹೋದಾಗ ಒಂದು ಬಗೆಯ ಮಾತ್ರೆ ಮುಗಿಯುತ್ತಾ ಬಂದಿತ್ತು, ಕೆಂಪು ಕ್ಯಾಪ್ಸೂಲು ಮಾತ್ರ ಹಾಗೇ ಉಳಿದಿತ್ತು.

"ಇದು ಯಾಕೆ ದೊಡ್ಡಮ್ಮ, ತೆಗೊಳ್ಳಲಿಲ್ವಾ?"

"ಮೂತ್ರದಲ್ಲಿ ರಕ್ತ ಹೋಗ್ತದೆ ಮಗಾ. ಹೆದರಿಕೆಯಾಗಿ ಬಿಟ್ಟೆ. ಯಾರಲ್ಲಿ ಹೇಳುವುದು?"

ಅದು ರಕ್ತವಲ್ಲ! ಆ ಕ್ಯಾಪ್ಸೂಲಿನ ಹೆಸರು ರಿಫಾಂಪಿಸಿನ್. ಕ್ಷಯರೋಗಕ್ಕೆ ಕೊಡುವ ಅದೇ ಮದ್ದು. ಅದನ್ನು ತೆಗೆದುಕೊಂಡವರ ಮೂತ್ರ, ಬೆವರು, ಕಣ್ಣೀರು ಕೂಡಾ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಅದರಿಂದ ತೊಂದರೆಯಿಲ್ಲ. ಆಸ್ಪತ್ರೆಯ ಹಾಳೆಯ ಕೆಳಗೆ ಇದನ್ನು ಬರೆದೂ ಇತ್ತು, ಇಂಗ್ಲಿಷಿನಲ್ಲಿ. ಜೊತೆಗಿದ್ದ ಇನ್ನೊಂದು ಕಾಗದ ಮಲಯಾಳದಲ್ಲಿತ್ತು. ದೊಡ್ಡಮ್ಮ ಕನ್ನಡ ಶಾಲೆಯಲ್ಲಿ ಐದನೆಯವರೆಗೆ ಓದಿದವರು, ಈಗಲೂ ಬೆಳಗ್ಗೆ ಕನ್ನಡ ಪೇಪರು ಓದದೆ ಚಹಾ ಕುಡಿಯುವವರಲ್ಲ. ತನ್ನ ಕಾಲಿನ ಕಾಗದ ಮಾತ್ರ ಅವರಿಗೆ ಓದಲು ಬರುವುದಿಲ್ಲ.

ಹತ್ತು ದಿನ ಬಿಟ್ಟರೆ ಏನಾಯಿತು ಎಂದು ಕೇಳುವವರಿದ್ದಾರೆ. ಮಳೆಗಾಲದಲ್ಲಿ ಅಂಗಳದ ಕಲ್ಲಿನ ಮೇಲೆ ಹಾವಸೆ ಕಟ್ಟುವುದನ್ನು ನೋಡಿದ್ದೀರಲ್ಲ? ಎಷ್ಟು ಕೊಡ ನೀರು ಹೊಯ್ದರೂ ಅದು ಹೋಗುವುದಿಲ್ಲ. ರೋಗಾಣುಗಳು ಲೋಹದ ಮೇಲೆ ಅಂಥದ್ದೇ ಒಂದು ಲೋಳೆಯ ಪದರ ಕಟ್ಟಿ ಅದರಡಿ ಅಡಗುತ್ತವೆ. ಲೋಹದೊಳಗೆ ರಕ್ತ ಓಡುವುದಿಲ್ಲ, ಹಾಗಾಗಿ ದೇಹದ ಕಾವಲುಗಾರರಿಗೂ ಮದ್ದಿಗೂ ಅಲ್ಲಿ ಸುಲಭದ ದಾರಿಯಿಲ್ಲ. ಆ ಪದರದೊಳಗೂ ಕೆಲಸ ಮಾಡುವ ಕೆಲವೇ ಮದ್ದುಗಳಲ್ಲಿ ರಿಫಾಂಪಿಸಿನ್ ಒಂದು. ಸ್ಟ್ಯಾಫಿಲೊಕಾಕಸ್ ಸೋಂಕಿಗೆ ಇದನ್ನು ಇನ್ನೊಂದು ಮದ್ದಿನ ಜೊತೆ ಕೊಟ್ಟರೆ ಗಂಟನ್ನು ಕೀಳದೆ ಉಳಿಸಬಹುದೆಂದು ಸ್ವಿಸ್ ವೈದ್ಯರು 1998ರಲ್ಲಿ ತೋರಿಸಿದರು. ಒಂಟಿಯಾಗಿ ಮಾತ್ರ ತೆಗೆದುಕೊಳ್ಳಬಾರದು, ರೋಗಾಣು ಬಲುಬೇಗ ಅದಕ್ಕೆ ಒಗ್ಗಿಬಿಡುತ್ತದೆ. (ದೊಡ್ಡಮ್ಮ ಹೆದರಿ ಬಿಟ್ಟದ್ದು ಕೆಂಪು ಕ್ಯಾಪ್ಸೂಲನ್ನು. ಅದನ್ನು ನುಂಗಿ ಇನ್ನೊಂದನ್ನು ಬಿಟ್ಟಿದ್ದರೆ ಇನ್ನೂ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು.)

ಈ ಚಿಕಿತ್ಸೆ ಎಷ್ಟು ಮುಂದೆ ಬಂದಿದೆ ಎಂದು ಓದಿದಾಗ ನಮಗೆ ಬೆರಗಾಯಿತು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಬುಖ್‌ಹೋಲ್ಟ್ಸ್ ಎಂಬವರು ಗಂಟು ಕೂರಿಸುವ ಸಿಮೆಂಟಿಗೇ ಜೆಂಟಾಮೈಸಿನ್ ಬೆರೆಸಿ 1970ರಲ್ಲಿ ಆ ಬಗ್ಗೆ ಬರೆದರು. ಸೋಂಕು ಹಳೆಯದಾದರೆ ಗಂಟು ಕಿತ್ತು, ಮದ್ದು ಬೆರೆತ ಸಿಮೆಂಟಿನ ತುಂಡನ್ನು ಕೆಲವು ವಾರ ಇಟ್ಟು, ಆಮೇಲೆ ಹೊಸ ಗಂಟು ಹಾಕುವ ಕ್ರಮ ಇಂದಿಗೂ ಇದೆ. ಈಗ ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್ಸುಗಳನ್ನೇ ಮದ್ದಾಗಿ ಬಳಸುವ ಪ್ರಯತ್ನ ಫ್ರಾನ್ಸ್, ಅಮೆರಿಕಗಳಲ್ಲಿ ನಡೆಯುತ್ತಿದೆ. ಗಂಗೆ ಯಮುನೆಯರ ನೀರಿಗೆ ಕಾಲರಾದ ರೋಗಾಣುವನ್ನು ಕೊಲ್ಲುವ ಗುಣವಿದೆ ಎಂದು ಹ್ಯಾಂಕಿನ್ ಎಂಬವರು 1896ರಲ್ಲೇ ಬರೆದಿದ್ದರು, ಆ ಕತೆ ಇನ್ನೊಮ್ಮೆ ಬರೆಯೋಣ. ಇದು ಇನ್ನೂ ಪ್ರಯೋಗದ ಹಂತ. ಕಾಲು ನೋಯುವವರು ಇದನ್ನೇ ನಂಬಿ ಕಾಯುವಂತಿಲ್ಲ.

ನಮ್ಮಂಥವರಿಗೆ ಹೆಚ್ಚು ಮುಖ್ಯವಾದದ್ದು ಬೇರೆ ಎರಡು ಸುದ್ದಿ. ಎಲುಬು, ಗಂಟಿನ ಸೋಂಕಿಗೆ ವಾರಗಟ್ಟಲೆ ಡ್ರಿಪ್ ಹಾಕಿಕೊಂಡು ಮಲಗಬೇಕೆಂದಿಲ್ಲ, ಸರಿಯಾದ ಮಾತ್ರೆಯಿಂದಲೂ ಅಷ್ಟೇ ಫಲ ಸಿಗುತ್ತದೆಂದು ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನ 2019ರಲ್ಲಿ ತಿಳಿಸಿತು. 2021ರಲ್ಲಿ ಫ್ರಾನ್ಸಿನವರು ಕೃತಕ ಗಂಟಿನ ಸೋಂಕಿಗೆ ಆರು ವಾರ ಸಾಕೋ ಹನ್ನೆರಡು ವಾರ ಬೇಕೋ ಎಂದು ಹೋಲಿಸಿದರು. ಆರು ವಾರದವರಲ್ಲಿ ನೂರಕ್ಕೆ 18 ಮಂದಿಗೆ ಸೋಂಕು ಉಳಿಯಿತು, ಹನ್ನೆರಡು ವಾರದವರಲ್ಲಿ 9 ಮಂದಿಗೆ. ಅಂದರೆ ಚಿಕಿತ್ಸೆ ಆಸ್ಪತ್ರೆಯಿಂದ ಮನೆಗೆ ಬಂದಿದೆ. ಅಲ್ಲಿ ನರ್ಸ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಅಡುಗೆಮನೆಯ ಕಪಾಟಿನ ಮೇಲಿರುವ ಒಂದು ಕಾಗದ ಮಾಡಬೇಕು. ಆ ಕಾಗದ ಯಾವ ಭಾಷೆಯಲ್ಲಿದೆ ಎಂಬುದೂ ಚಿಕಿತ್ಸೆಯ ಭಾಗವೇ ಎಂದು ನಾವು ಹೇಳುವುದು ಇದಕ್ಕೆ.

ಕೇರಳ ಸರಕಾರದ ಬಗ್ಗೆ ಒಳ್ಳೆಯ ಮಾತನ್ನೂ ಆಡಬೇಕು. ಮದ್ದಿಗೆ ಬಗ್ಗದ ರೋಗಾಣುಗಳ ವಿರುದ್ಧ 2018ರಲ್ಲೇ ರಾಜ್ಯಮಟ್ಟದ ಯೋಜನೆ ಮಾಡಿದ್ದು ಇಲ್ಲಿ. ಚೀಟಿಯಿಲ್ಲದೆ ಆಂಟಿಬಯಾಟಿಕ್ ಮಾರುವ ಅಂಗಡಿಗಳ ಮೇಲೆ 2024ರಲ್ಲಿ 'ಆಪರೇಶನ್ ಅಮೃತ್' ನಡೆಸಿದ್ದೂ ಇಲ್ಲಿಯೇ. ಇಷ್ಟು ಮಾಡುವವರಿಗೆ ಕಾಸರಗೋಡಿನಲ್ಲಿ ಕನ್ನಡದ ಒಂದು ಹಾಳೆ ಭಾರವಾಗಲಾರದು.

ಆದರೆ ನಾವಾದರೂ ಕೇಳಿದ್ದೇವೆಯೇ? ಬೋರ್ಡಿನಲ್ಲಿ ಕನ್ನಡವಿಲ್ಲವೆಂದು ಧರಣಿ ಕೂತಿದ್ದೇವೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ಹಾಕಿದಾಗ ಬೀದಿಗಿಳಿದಿದ್ದೇವೆ. ಅದೆಲ್ಲ ಬೇಕಾದದ್ದೇ. ಮದ್ದಿನ ಚೀಟಿಗಾಗಿ ಒಂದು ಅರ್ಜಿಯನ್ನೂ ನಾವು ಈವರೆಗೆ ಬರೆದಿರಲಿಲ್ಲ. ದೊಡ್ಡಮ್ಮನ ಮನೆಯಲ್ಲಿ ಆ ಕ್ಯಾಪ್ಸೂಲುಗಳನ್ನು ನೋಡುವವರೆಗೆ ನಮಗೂ ಇದು ಹೊಳೆದಿರಲಿಲ್ಲ, ಒಪ್ಪಿಕೊಳ್ಳುತ್ತೇವೆ.

ಡಾಕ್ಟರು ಮದ್ದು ಪುನಃ ಶುರು ಮಾಡಿಸಿದರು. ಐದನೇ ತರಗತಿಯ ಮೊಮ್ಮಗಳು ಡ್ರಾಯಿಂಗ್ ಹಾಳೆಯಲ್ಲಿ ಕನ್ನಡದಲ್ಲಿ ಪಟ್ಟಿ ಬರೆದಳು: ಯಾವ ಮಾತ್ರೆ, ಊಟಕ್ಕೆ ಮೊದಲೋ ನಂತರವೋ, ಬಣ್ಣ ಬದಲಾದರೆ ಹೆದರಬೇಡಿ, ಕಣ್ಣು ಹಳದಿಯಾದರೆ ಕೂಡಲೇ ಡಾಕ್ಟರಿಗೆ ಹೇಳಿ. ಮೂರು ತಿಂಗಳು ಒಂದೊಂದೇ ಗೆರೆ ಎಳೆದರು. ಗಂಟು ಉಳಿಯಿತು. ಎಲ್ಲರದೂ ಉಳಿಯುವುದಿಲ್ಲ.

ಜಿಲ್ಲಾ ವೈದ್ಯಾಧಿಕಾರಿಯವರಿಗೆ ಅರ್ಜಿಯ ಕರಡು ಸಿದ್ಧವಾಗಿದೆ. ತಿಂಗಳುಗಟ್ಟಲೆ ಮನೆಯಲ್ಲಿ ಆಂಟಿಬಯಾಟಿಕ್ ತೆಗೆದುಕೊಳ್ಳಬೇಕಾದವರಿಗೆ ಒಂದು ಪುಟದ ಕನ್ನಡ ಸೂಚನೆ ಕೊಡಿ, ಭಾಷೆ ತಿದ್ದಿಕೊಡಲು ನಾವು ಅಧ್ಯಾಪಕರಿದ್ದೇವೆ ಎಂದು ಬರೆದಿದ್ದೇವೆ. ರಕ್ಷಕ ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ಅದನ್ನು ಓದಿ ಸಹಿ ಕೇಳುತ್ತೇವೆ.