ರೋಗಿಯ ದಾಖಲೆ ರೋಗಿಯೊಡನೆ ಸಾಗಲಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ರೋಗಿಗಳು ಹೆಚ್ಚಿನ ಚಿಕಿತ್ಸೆಗಾಗಿ ರಾಯಚೂರಿಗೋ ಬಳ್ಳಾರಿಗೋ ಹೋಗುವಾಗ ಕೈಯಲ್ಲಿರುವುದು ಹಳೆಯ ಚೀಟಿಗಳ ಒಂದು ಚೀಲ. ಅದರಲ್ಲೊಂದು ಕಳೆದರೆ ರಕ್ತಪರೀಕ್ಷೆಗೆ ಮತ್ತೊಮ್ಮೆ ಹಣ ತೆರಬೇಕು. ಮೈಗೆ ಒಗ್ಗದ ಔಷಧದ ಹೆಸರು ಮರೆತರಂತೂ ಪ್ರಾಣಕ್ಕೇ ಸಂಚಕಾರ.

ಆಸ್ಪತ್ರೆಗಳಲ್ಲಿ ಗಣಕಯಂತ್ರಗಳಿವೆ. ಆದರೆ ಒಂದರ ತಂತ್ರಾಂಶ ಬರೆದಿಟ್ಟುದನ್ನು ಇನ್ನೊಂದರ ತಂತ್ರಾಂಶ ಅನೇಕ ವೇಳೆ ಓದಲಾರದು. ಎಲ್ಲರೂ ಬಳಸಬಹುದಾದ ಮುಕ್ತ ಮಾನದಂಡವೇ ಇದಕ್ಕೆ ಪರಿಹಾರ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, ಎಫ್‌ಎಚ್‌ಐಆರ್ ಎಂಬ ಅಂತಾರಾಷ್ಟ್ರೀಯ ಮಾನದಂಡವನ್ನು ಅಂಗೀಕರಿಸಿದೆ. 14 ಅಂಕಿಗಳ ಆಭಾ ಸಂಖ್ಯೆಗೆ ಜೋಡಿಸಿದ ದಾಖಲೆಯನ್ನು ರೋಗಿಯ ಒಪ್ಪಿಗೆ ಪಡೆದು ಬೇರೆ ಊರಿನ ವೈದ್ಯರೂ ನೋಡಬಹುದು.

ಆದರೆ ಸಂಖ್ಯೆ ಪಡೆದ ಮಾತ್ರಕ್ಕೆ ದಾಖಲೆ ಸಾಗದು. ಆಸ್ಪತ್ರೆಯ ತಂತ್ರಾಂಶವೂ ಆ ಜಾಲಕ್ಕೆ ಸೇರಿರಬೇಕು. ಆದುದರಿಂದ ಆಸ್ಪತ್ರೆ ನಡೆಸುವ ಸಂಘ-ಸಂಸ್ಥೆಗಳು ತಂತ್ರಾಂಶ ಕೊಳ್ಳುವ ಮುನ್ನ ಬೆಲೆಯೊಡನೆ ಇದನ್ನೂ ವಿಚಾರಿಸಬೇಕು. ಕೇಂದ್ರ ಸರ್ಕಾರದ 2016ರ ಮಾನದಂಡಗಳ ಪ್ರಕಾರ ದಾಖಲೆಯೊಳಗಿನ ಮಾಹಿತಿಯ ಒಡೆತನ ರೋಗಿಯದೇ. ಸದ್ಭಕ್ತರು ನೋಂದಣಿಯ ವೇಳೆ ಆಭಾ ಸಂಖ್ಯೆ ನೀಡಿ, ವರದಿಯನ್ನು ಅದಕ್ಕೆ ಜೋಡಿಸುವಂತೆ ಸಂಕೋಚವಿಲ್ಲದೆ ಕೇಳಬೇಕು. ಎಲ್ಲ ಆಸ್ಪತ್ರೆಗಳೂ ಸೇರುವವರೆಗೆ ಆ ಚೀಲವನ್ನೂ ಜೋಪಾನವಾಗಿಡಬೇಕು.