ಸಪ್ಪಳಿಲ್ಲದ ಊರು

ಬೆಂಗಳೂರಿಂದ ಬಂದ ಮಂದಿ, “ನಿಮ್ಮ ಸವಣೂರು ಎಷ್ಟು ಶಾಂತ ಐತ್ರಿ” ಅಂತಾರ. ದೊಡ್ಡಹುಣಸಿ ಮಠದ ಹಳೇ ಮರ ನೋಡಿ, ಖಾರ ಕಟ್ಟಿಸಿಕೊಂಡು ಸಂಜಿಗೆ ಹೊಳ್ಳಿ ಹೋಗ್ತಾರ. ಇಲ್ಲೇ ಇರೋರಿಗೆ ಗೊತ್ತು, ಈ ಶಾಂತಿಯೊಳಗ ಅರ್ಧ ಪಾಲು ಹುಬ್ಬಳ್ಳಿ, ಬೆಂಗಳೂರಿಗೆ ದುಡಿಯಾಕ ಹೋದ ಮಕ್ಕಳ ಖಾಲಿ ಮನಿದು. ಹಗಲು ಹ್ಯಾಂಗರ ಕಳೀತೈತಿ. ರಾತ್ರಿ ಎದಿ ನೋವು ಬಂದ್ರ 108ಕ್ಕ ಫೋನ್ ಮಾಡಾಕರ ಒಬ್ರು ಬೇಕಲ್ರಿ?

ಗದ್ದಲಿಲ್ಲ ಅಂದಮಾತ್ರಕ್ಕ ಊರು ಸುಖದ್ದಾಗಂಗಿಲ್ಲ. ನೆರಿ ಇದ್ರ ಸುಖ. ಅದಕ್ಕ ಅಕ್ಕಾರ, ಸಂಜಿಮುಂದ ಒಂದು ಧಾರಾವಾಹಿ ಬಿಟ್ಟು, ಒಬ್ಬಾಕಿನ ಇರೋ ಅಜ್ಜಿ ಮನಿ ಕಟ್ಟಿ ಮ್ಯಾಲ ಎಲಿ ಅಡಿಕಿ ಹಾಕ್ಕೋತ ಕೂಡ್ರಿ. ಮುಂಜಾನಿ ಯಾರ ಅಂಗಳಕ್ಕ ನೀರು ಬಿದ್ದಿಲ್ಲೋ, ಆ ಮನಿ ಬಾಗಲಾ ಬಡೀರಿ.